ಸಹಾಯ ಬೇಕು: ಸೊಲ್ಯೂಷನ್ ಮೂಸುವ ಹುಡುಗನನ್ನು ಶಾಲೆಯಲ್ಲೇ ಉಳಿಸಿಕೊಳ್ಳುವುದು ಹೇಗೆ?

ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಯ ಹುಡುಗನೊಬ್ಬ ಪಂಕ್ಚರ್ ಹಾಕುವ ಅಂಟು, ಅಂದರೆ ಸೊಲ್ಯೂಷನ್, ನಶೆಗಾಗಿ ಮೂಸುತ್ತಿದ್ದಾನೆ. ಮೊದಲು ಕಣ್ಣಿಗೆ ಬಿದ್ದದ್ದು ಅವನ ಕರವಸ್ತ್ರ: ಒಂದು ಮೂಲೆ ರಟ್ಟಿನಂತೆ ಗಟ್ಟಿಯಾಗಿತ್ತು, ಪೆಟ್ರೋಲಿನಂಥ ಘಾಟು. ಕಳೆದ ವಾರ ಬಿಸಿಯೂಟದ ಸಾಲಿನಲ್ಲಿ ಸಣ್ಣ ಮಾತಿಗೆ ಕೆರಳಿ, ಸ್ಟೀಲ್ ತಟ್ಟೆಯಿಂದ ಗೆಳೆಯನ ಹುಬ್ಬು ಒಡೆದ. ಮೂರು ಹೊಲಿಗೆ ಬಿದ್ದವು.

ನಾವು ಕೈಕಟ್ಟಿ ಕುಳಿತಿಲ್ಲ. ಜೂನ್ 26ರಂದು ಮಾದಕ ವಸ್ತು ವಿರೋಧಿ ದಿನದ ಜಾಥಾ ಮಾಡಿದೆವು. ಅಂದು ಮುಂದಿನ ಸಾಲಿನಲ್ಲಿ ಫಲಕ ಹಿಡಿದಿದ್ದವನು ಅವನೇ. ನೆನೆದರೆ ಈಗಲೂ ಸಂಕಟವಾಗುತ್ತದೆ. ಶಾಲೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬ 2003ರ ಕಾಯ್ದೆ ತೋರಿಸಿ ಎದುರಿನ ಅಂಗಡಿಯಲ್ಲಿ ಬೀಡಿ, ಸಿಗರೇಟು ನಿಲ್ಲಿಸಿದೆವು. ಆದರೆ ಸೊಲ್ಯೂಷನ್ ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ತಾಯಿಯನ್ನು ಕರೆಸಿದೆ. ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ ಬಂದವರು ಅತ್ತು, ಮಗನಿಗೆ ಹೊಡೆದು ಹೋದರು. ಅಷ್ಟೇ.

ಈಗ ಎಲ್ಲರೂ ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿ ಎನ್ನುತ್ತಿದ್ದಾರೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕದಂತೆ ಶಿಕ್ಷಣ ಹಕ್ಕು ಕಾಯ್ದೆ ತಡೆಯುತ್ತದೆ. ಇವನು ಅದನ್ನು ದಾಟಿದ್ದಾನೆ. ಹೊರಗೆ ಬಿಟ್ಟರೆ ಹುಡುಗ ಕೈತಪ್ಪುತ್ತಾನೆ, ನನಗೆ ಅನುಮಾನವಿಲ್ಲ.

ನಾನು ಗೊಂದಲದಲ್ಲಿರುವುದು ಇಲ್ಲಿ: ಮಕ್ಕಳ ಸಹಾಯವಾಣಿ 1098ಕ್ಕೆ ಮೊದಲು ಕರೆ ಮಾಡಲೇ, ವ್ಯಸನಮುಕ್ತಿ ಸಹಾಯವಾಣಿ 14446ಕ್ಕೇ? ಕರೆ ಮಾಡಿದರೆ ವಿಷಯ ಪೊಲೀಸರವರೆಗೆ ಹೋಗಿ ಅವನ ಮೇಲೆ ಪ್ರಕರಣ ದಾಖಲಾಗುತ್ತದೆಯೇ? ಇಂಥ ಮಗುವನ್ನು ತರಗತಿಯಲ್ಲೇ ಉಳಿಸಿಕೊಂಡು ಚಿಕಿತ್ಸೆ ಕೊಡಿಸಿದ ಶಿಕ್ಷಕರಿದ್ದರೆ, ಮೊದಲ ಹೆಜ್ಜೆ ಏನಿಟ್ಟಿರಿ ಎಂದು ದಯವಿಟ್ಟು ತಿಳಿಸಿ.