ಓಸಿ ಇರುವ ಫ್ಲ್ಯಾಟಿನಲ್ಲೂ ತಪಾಸಣೆಯವರು ದೋಷ ತೋರಿಸಿದರೆ?

ಪ್ರಶ್ನೆ (ಖರೀದಿದಾರ, ಬೆಂಗಳೂರು):
ವಿಜಯನಗರದಲ್ಲಿ ಹನ್ನೆರಡು ವರ್ಷ ಹಳೆಯ ಫ್ಲ್ಯಾಟೊಂದನ್ನು ಕೊಳ್ಳುವ ಮಾತುಕತೆ ನಡೆದಿದೆ. ಓಸಿ (ಕಟ್ಟಡದಲ್ಲಿ ವಾಸಿಸಬಹುದೆಂದು ಪಾಲಿಕೆ ಕೊಡುವ ಪ್ರಮಾಣಪತ್ರ) ಇದೆ, ಖಾತೆ ಸರಿಯಿದೆ. ಆದರೂ ನಾವು ಕರೆಸಿದ ತಪಾಸಣೆಯವರು ಗೀಸರ್ ಪಾಯಿಂಟಿಗೆ ಅರ್ತಿಂಗ್ ಇಲ್ಲ, ಬಾಲ್ಕನಿಯ ಕಂಬಿ ಎಪ್ಪತ್ತೈದು ಸೆಂಟಿಮೀಟರ್ ಮಾತ್ರ ಇದೆ ಎಂದು ಬರೆದಿದ್ದಾರೆ. ಪಾಲಿಕೆ ಒಪ್ಪಿದ ಕಟ್ಟಡದಲ್ಲಿ ಇವು ಹೇಗೆ ಉಳಿದವು? ಇದನ್ನು ನಿಯಮ ಉಲ್ಲಂಘನೆ ಎಂದು ಮಾರುವವರ ಮುಂದಿಡಬಹುದೇ?

ಉತ್ತರ 1 (ಸಿವಿಲ್ ಎಂಜಿನಿಯರ್):
ಓಸಿ ಕೊಡುವಾಗ ಮುಖ್ಯವಾಗಿ ನೋಡುವುದು ಕಟ್ಟಡವು ಮಂಜೂರಾದ ನಕ್ಷೆಯಂತೆ ಇದೆಯೇ ಎಂಬುದನ್ನು, ಅಂದರೆ ಸುತ್ತ ಬಿಟ್ಟ ಜಾಗ, ಮಹಡಿಗಳ ಸಂಖ್ಯೆ, ಎತ್ತರ, ಪಾರ್ಕಿಂಗ್ ಇತ್ಯಾದಿ. ಪ್ರತಿ ಮನೆಯ ಸ್ವಿಚ್ ಬೋರ್ಡನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಸ್ವತಃ ಶಿಫಾರಸು ಮಾತ್ರ. ಸ್ಥಳೀಯ ಬೈಲಾಗಳು ಅಳವಡಿಸಿಕೊಂಡಷ್ಟೇ ಭಾಗ ಕಡ್ಡಾಯವಾಗುತ್ತದೆ. ಅಲ್ಲದೆ ನಿಮ್ಮ ಕಟ್ಟಡ ಅದಕ್ಕಿಂತ ಹಳೆಯದು. ಆದ್ದರಿಂದ ತಪಾಸಣಾ ವರದಿಯಿಂದಲೇ ಉಲ್ಲಂಘನೆ ಸಾಬೀತಾಗುವುದಿಲ್ಲ. ಈ ಮನೆಯಲ್ಲಿ ಇಂದು ಏನು ಅಪಾಯಕಾರಿ ಎಂಬುದನ್ನಷ್ಟೇ ಅದು ಹೇಳುತ್ತದೆ. ಕಂಬಿ ಸುಮಾರು ಒಂದು ಮೀಟರಾದರೂ ಇರಬೇಕು. ಮಕ್ಕಳಿರುವ ಮನೆಯಾದರೆ ಯಾವ ವರ್ಷದ ನಿಯಮವೆಂದು ಲೆಕ್ಕ ಹಾಕುತ್ತ ಕೂರದೆ ಎತ್ತರಿಸಿಬಿಡಿ.

ಉತ್ತರ 2 (ನಿವೃತ್ತ ವಿದ್ಯುತ್ ಗುತ್ತಿಗೆದಾರ):
ಅರ್ತಿಂಗ್ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಬಿಚ್ಚಿದ ಒಂದು ಗೀಸರ್ ಸಾಕೆಟಿನಲ್ಲಿ ಮೂರನೆಯ ತೂತು ಇತ್ತು, ಆದರೆ ಹಿಂದೆ ಹಸಿರು ಅರ್ತ್ ತಂತಿಯನ್ನು ಜೋಡಿಸದೆ ಡಬ್ಬಿಯ ಮೂಲೆಯಲ್ಲಿ ಸುರುಳಿ ಸುತ್ತಿ ಬಿಟ್ಟಿದ್ದರು. ಆರ್‌ಸಿಸಿಬಿಯ (ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಟೆಸ್ಟ್ ಗುಂಡಿ ಒತ್ತಿದಾಗ ಅದು ಸರಿಯಾಗಿಯೇ ಬಿತ್ತು, ಮನೆಯವರೂ ನಿಶ್ಚಿಂತರಾಗಿದ್ದರು. ಆ ಗುಂಡಿ ಪರೀಕ್ಷಿಸುವುದು ಉಪಕರಣವನ್ನು, ಅರ್ತಿಂಗನ್ನಲ್ಲ. ಅರ್ತ್ ತಂತಿ ಇದ್ದರೆ ವಿದ್ಯುತ್ ಸೋರಿಕೆಯಾದ ಕೂಡಲೇ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸಂಪರ್ಕ ಕಡಿಯುತ್ತದೆ. ಇಲ್ಲದಿದ್ದರೆ ಯಾರಾದರೂ ಗೀಸರ್ ಮುಟ್ಟುವವರೆಗೂ ಕಾಯುತ್ತದೆ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ಬಿಲ್ಡರಿಂದಲೇ ಸರಿಪಡಿಸಿಕೊಳ್ಳಲು ಸಾಧ್ಯವೇ?

ಉತ್ತರ 1:
ಆ ಕಾಯ್ದೆಯ 14(3)ನೇ ಕಲಮಿನಲ್ಲಿ ದೋಷದ ಹೊಣೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಕ್ಕೆ ಮುಗಿಯುತ್ತದೆ, ನಿಮಗೆ ಆ ದಾರಿ ಇಲ್ಲ. ವರದಿಯಲ್ಲಿ ಬಣ್ಣದ ಗೀಚು, ಟೈಲ್ಸ್ ಸಂದಿಯಂಥವು ಇದ್ದರೆ (ಪುಟ ತುಂಬಿಸಲು ಹಲವರು ಇವನ್ನು ಸೇರಿಸುತ್ತಾರೆ) ಬದಿಗಿಡಿ. ವೈರಿಂಗ್ ಮತ್ತು ಕಂಬಿಯ ಖರ್ಚಿಗೆ ಅಂದಾಜು ಪಟ್ಟಿ ಬರೆಸಿ, ಕರಾರು ಪತ್ರಕ್ಕೆ ಸಹಿ ಹಾಕುವ ಮೊದಲೇ ಬೆಲೆಯಲ್ಲಿ ಇಳಿಸಲು ಕೇಳಿ.