ಬೇಸ್ ಗಿಟಾರಿನ ಫ್ಲಾಟ್‌ವೌಂಡ್ ತಂತಿ ಎಷ್ಟು ವರ್ಷ ಬರುತ್ತದೆ?

ವಾಸ್ಕೋ ಬೇಸ್:

ಎಲ್ಲರಿಗೂ ನಮಸ್ಕಾರ. ನನ್ನ ಊರು ಧಾರವಾಡ. ಎಂಟು ವರ್ಷದಿಂದ ಗೋವಾದ ವಾಸ್ಕೋದಲ್ಲಿದ್ದೇನೆ. ವಾರವಿಡೀ ಲೆಕ್ಕ ಬರೆಯುವ ಕೆಲಸ, ಶನಿವಾರ ಬಂತೆಂದರೆ ಮದುವೆ ಬ್ಯಾಂಡಿನಲ್ಲಿ ಬೇಸ್. ಇಲ್ಲಿನ ಕ್ರಿಶ್ಚಿಯನ್ ಮದುವೆಗಳಲ್ಲಿ ಲೈವ್ ಬ್ಯಾಂಡ್ ಇಲ್ಲದಿದ್ದರೆ ಮದುವೆ ಆದ ಹಾಗೇ ಅಲ್ಲ. ಏಳೂವರೆಗೆ ಶುರುವಾದರೆ ಹನ್ನೊಂದರ ತನಕ ಬೆರಳಿಗೆ ಬಿಡುವಿಲ್ಲ.

ಹೋದ ವರ್ಷ ಮಡಗಾಂವಿನ ಒಬ್ಬ ಹಿರಿಯರಿಂದ ಹಳೇ ಬೇಸ್ ಕೊಂಡುಕೊಂಡೆ. ಅದರಲ್ಲಿ ಫ್ಲಾಟ್‌ವೌಂಡ್, ಅಂದರೆ ಚಪ್ಪಟೆ ಪಟ್ಟಿ ಸುತ್ತಿದ ತಂತಿ ಇತ್ತು. ‘ಹಾಕಿ ಆರು ವರ್ಷ ಆಯ್ತು, ಮುಟ್ಟೋಕೆ ಹೋಗಬೇಡ’ ಅಂದಿದ್ದರು. ನಾನೂ ಮುಟ್ಟಲಿಲ್ಲ. ಡಗ್ಗಾ ಬಾರಿಸಿದ ಹಾಗೆ ಗುಂ ಅನ್ನುತ್ತದೆ, ಆ ಸದ್ದಿಗೇ ಮನಸೋತು ಕೊಂಡದ್ದು.

ಈ ಮಳೆಗಾಲ ಕಳೆದ ಮೇಲೆ ತೊಂದರೆ ಶುರುವಾಗಿದೆ. ದಪ್ಪನೆಯ ‘ಇ’ ತಂತಿಯಲ್ಲಿ ಬ್ರಿಜ್ (ಗಿಟಾರಿನ ಮೈ ಮೇಲೆ ತಂತಿ ಕೂರುವ ಜಾಗ) ಹತ್ತಿರ ಕಂದು ಚುಕ್ಕೆ ಕಾಣಿಸುತ್ತಿದೆ. ಕೆಳಸ್ವರದ ಮೊದಲ ಕೆಲವು ಫ್ರೆಟ್‌ಗಳಲ್ಲಿ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗಳು) ಏನೂ ತಕರಾರಿಲ್ಲ. ಹನ್ನೆರಡನೇ ಫ್ರೆಟ್ ಹತ್ತಿರ ಹೋದರೆ ಮಾತ್ರ ಶ್ರುತಿ ತಪ್ಪಿತೆಂದು ಕೀಬೋರ್ಡಿನವನು ತಿರುಗಿ ನೋಡುತ್ತಾನೆ. ಅಂಗಡಿಯಲ್ಲಿ ಕೇಳಿದರೆ ‘ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕಪ್ಪ’ ಅಂದರು. ಒಂದು ಸೆಟ್ಟಿಗೆ ಐದು ಸಾವಿರದ ಹತ್ತಿರ. ನನಗೆ ಅದು ಎರಡು ಮದುವೆಯ ದುಡ್ಡು. ಆರು ವರ್ಷ ಅನ್ನೋರು ಸರಿಯೋ, ಮೂರು ತಿಂಗಳು ಅನ್ನೋರು ಸರಿಯೋ?

ಪುಣೆ ಗ್ರೂವ್:

ಬದಲಾಯಿಸಲೇಬೇಡಿ ಗುರು! ಅಮೆರಿಕದ ಡೆಟ್ರಾಯ್ಟ್‌ನ ಮೋಟೌನ್ ರೆಕಾರ್ಡ್ ಕಂಪನಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಗೊತ್ತಲ್ವಾ? 1962ರ ಫೆಂಡರ್ ಪ್ರಿಸಿಷನ್ ಬೇಸ್, ಅದಕ್ಕೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್. ತಂತಿ ಹರಿದರೆ ಮಾತ್ರ ಹೊಸದು. ಕೊಳೆ ಕೂತಷ್ಟೂ ಸದ್ದು ಚೆಂದ.

ಮಾಟುಂಗಾದ ಹಳಬ:

ಪುಣೆಯ ತಮ್ಮಾ, ನೀನು ಹೇಳಿದ್ದು ಸರಿಯೇ. ಆದರೆ ಡೆಟ್ರಾಯ್ಟ್‌ನಲ್ಲಿ ಅರಬ್ಬಿ ಸಮುದ್ರ ಇದೆಯಾ ಮಾರಾಯ? ಇನ್ನೊಂದು, ಜೇಮರ್ಸನ್ ಕೈ ಜಾಸ್ತಿ ಓಡಾಡಿದ್ದು ಕೆಳಗಿನ ಫ್ರೆಟ್‌ಗಳಲ್ಲಿ, ಅದೂ ಬಿಟ್ಟ ತಂತಿಗಳನ್ನು ಸೇರಿಸಿಕೊಂಡು. ಹನ್ನೆರಡನೇ ಫ್ರೆಟ್ಟಿನ ಗೊಡವೆ ಅವರಿಗೆ ಅಷ್ಟಿರಲಿಲ್ಲ. ವಾಸ್ಕೋದವರಿಗೆ ಇದೆ.

ನಾನು ಉಡುಪಿ ಕಡೆಯವನು. ಮುಂಬೈಗೆ ಬಂದು ನಲವತ್ತು ವರ್ಷ ದಾಟಿತು. ಮಾಟುಂಗಾ, ಚೆಂಬೂರು, ಡೊಂಬಿವಲಿ ಎಂದು ನಮ್ಮವರ ಗಣಪತಿ, ನವರಾತ್ರಿ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸಿದ್ದೇನೆ.

ಮೂರು ತಿಂಗಳ ಲೆಕ್ಕ ರೌಂಡ್‌ವೌಂಡ್ ತಂತಿಯದು. ಅದರಲ್ಲಿ ಒಳಗಿನ ತಂತಿಯ ಮೇಲೆ ದುಂಡು ಸರಿಗೆ ಸುತ್ತಿರುತ್ತದೆ. ಸುತ್ತು ಸುತ್ತಿನ ನಡುವೆ ಸಂದು. ಬೆವರು, ಎಣ್ಣೆ, ಬೆರಳಿನ ಸತ್ತ ಚರ್ಮ ಎಲ್ಲ ಆ ಸಂದಿಗೆ ಇಳಿದು ತಂತಿ ಮಂಕಾಗುತ್ತದೆ. ಫ್ಲಾಟ್‌ವೌಂಡಿನಲ್ಲಿ ಸುತ್ತಿರುವುದು ಚಪ್ಪಟೆ ಪಟ್ಟಿ. ಬೆರಳಾಡಿಸಿದರೆ ನುಣ್ಣಗೆ ಜಾರುತ್ತದೆ, ಕೊಳೆ ಇಳಿಯಲು ಜಾಗವೇ ಕಡಿಮೆ. ಜೊತೆಗೆ ಇದರಲ್ಲಿ ಹೊಳಪು ಮೊದಲೇ ಕಡಿಮೆ. ಹಾಕಿದ ಹೊಸದರಲ್ಲಿ ಸ್ವಲ್ಪ ಕಿಣಿಕಿಣಿ ಇರುತ್ತದೆ, ಕೆಲವು ವಾರದಲ್ಲಿ ಅದು ಹೋಗುತ್ತದೆ. ಆಮೇಲೆ ವರ್ಷಗಟ್ಟಲೆ ಅದೇ ಸದ್ದು. ಹಾಗಾಗಿ ‘ಮಂಕಾಗಿದೆಯಾ’ ಎಂದು ಕಿವಿಗೊಟ್ಟು ಪ್ರಯೋಜನವಿಲ್ಲ. ಶ್ರುತಿ ನಿಲ್ಲುತ್ತದಾ, ತುಕ್ಕು ಎಷ್ಟಿದೆ, ಇವೆರಡನ್ನು ನೋಡಿ.

ತುಕ್ಕಿನ ಕಥೆ ಕೇಳಿ. 2007ರಲ್ಲಿ ಹಾಕಿದ ಸೆಟ್ ಹದಿಮೂರು ವರ್ಷ ಬಂತು. ಪ್ರೋಗ್ರಾಂ ಮುಗಿದ ಕೂಡಲೇ ಹಳೇ ಪಂಚೆಯ ತುಂಡಿನಿಂದ ಒಂದೊಂದೇ ತಂತಿಯನ್ನು ಹಿಡಿದು, ಅಡಿಭಾಗವೂ ಸೇರಿ, ಒರೆಸುತ್ತಿದ್ದೆ. 2020ರಲ್ಲಿ ಲಾಕ್‌ಡೌನ್ ಬಂತು. ಬೇಸನ್ನು ಪೆಟ್ಟಿಗೆಯಲ್ಲಿಟ್ಟು ಮಂಚದಡಿ ತಳ್ಳಿದವನು ದಸರಾಕ್ಕೆ ತೆಗೆದೆ. ಪೆಟ್ಟಿಗೆಯೊಳಗಿನ ಮಖಮಲ್ಲಿಗೆ ಬೂಷ್ಟು, ‘ಇ’ ಮತ್ತು ‘ಎ’ ತಂತಿಗೆ ತುಕ್ಕು. ಹದಿಮೂರು ವರ್ಷ ನುಡಿಸಿದರೂ ಆಗದ್ದು ಒಂದೇ ಮಳೆಗಾಲದಲ್ಲಿ ಆಗಿಹೋಯಿತು.

ನಿಮ್ಮ ಬೇಸಿಗೆ ಬರೋಣ. ಮೊದಲು ತಂತಿಯನ್ನು ಬೈಯಬೇಡಿ, ಕುತ್ತಿಗೆ ನೋಡಿ. ಮಳೆಗಾಲದಲ್ಲಿ ಮರ ತೇವ ಎಳೆದುಕೊಂಡು ಬಾಗುತ್ತದೆ. ‘ಇ’ ತಂತಿಯನ್ನು ಒಂದನೇ ಫ್ರೆಟ್ಟಿನಲ್ಲೂ, ಕುತ್ತಿಗೆ ಮೈಗೆ ಸೇರುವ ಕಡೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ, ಏಳನೇ ಫ್ರೆಟ್ ಹತ್ತಿರ, ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದು ಇದ್ದರೆ ಸಾಕು. ಜಾಸ್ತಿ ಇದ್ದರೆ ಮೊದಲು ಟ್ರಸ್ ರಾಡ್ (ಕುತ್ತಿಗೆಯೊಳಗಿನ ಲೋಹದ ಸರಳು) ಸರಿ ಮಾಡಿಸಿ.

ಆಮೇಲೆ ಶ್ರುತಿ ತೋರಿಸುವ ಟ್ಯೂನರ್ ಹಾಕಿ. ಹನ್ನೆರಡನೇ ಫ್ರೆಟ್ಟಿನ ನೆತ್ತಿಯ ಮೇಲೆ ತಂತಿಗೆ ಬೆರಳು ಸುಮ್ನೆ ತಾಗಿಸಿ ಮೀಟಿದರೆ ಹಾರ್ಮೋನಿಕ್ ಬರುತ್ತದೆ. ಅದನ್ನು ನೋಡಿಕೊಳ್ಳಿ. ಈಗ ಅದೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿ. ಮೆಲ್ಲಗೆ ಒತ್ತಬೇಕು, ಜೋರಾಗಿ ಅದುಮಿದರೆ ಸ್ವರ ತಾನಾಗಿಯೇ ಏರುತ್ತದೆ. ಎರಡೂ ಒಂದೇ ಬಂದರೆ ತಂತಿ ಗಟ್ಟಿ. ಒತ್ತಿದ ಸ್ವರ ಏರಿದ್ದರೆ ಬ್ರಿಜ್ಜಿನ ಸ್ಯಾಡಲ್ (ತಂತಿಯನ್ನು ಹೊರುವ ಪುಟ್ಟ ತುಂಡು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಿ. ಸ್ಕ್ರೂ ಕೊನೆ ಮುಟ್ಟಿದರೂ ಹೊಂದದಿದ್ದರೆ, ಅಥವಾ ಹನ್ನೆರಡರಲ್ಲಿ ಹೊಂದಿ ಏಳರಲ್ಲಿ ಕೈಕೊಟ್ಟರೆ, ತಂತಿ ಮುಗಿಯಿತು. ಫ್ರೆಟ್ ತಾಗಿ ತಾಗಿ ಅಡಿಯಲ್ಲಿ ಹಳ್ಳ ಬಿದ್ದಿರುತ್ತದೆ, ತೂಕ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಕಂದು ಚುಕ್ಕೆಯ ಜಾಗದಲ್ಲಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಪಟ್ಟಿ ಬಾಯಿ ಬಿಟ್ಟಿದೆ ಅಂತ.

ಯಾರಾದರೂ ಕುದಿಯುವ ನೀರಿಗೆ ಹಾಕಿ ಅಂದರೆ ಕೇಳಬೇಡಿ. ಅದೂ ರೌಂಡ್‌ವೌಂಡಿನ ಉಪಾಯ. ಇದರ ತುದಿಗೆ ಸುತ್ತಿದ ನೂಲು ನೀರು ಕುಡಿದು ಒಳಗಿನ ಉಕ್ಕಿಗೇ ತುಕ್ಕು ಹಿಡಿಸುತ್ತದೆ.

ಹೊಸದು ಹಾಕುವುದಾದರೆ ಒಂದು ಮಾತು. ಉದ್ದ ಜಾಸ್ತಿಯಾಯಿತು ಎಂದು ಮೊದಲೇ ಕತ್ತರಿಸಬೇಡಿ. ಕತ್ತರಿಸುವ ಜಾಗಕ್ಕಿಂತ ಸ್ವಲ್ಪ ಹಿಂದೆ ಇಕ್ಕಳದಲ್ಲಿ ಚೂಪಾಗಿ ಮಡಿಸಿ, ಆಮೇಲೆ ಕತ್ತರಿ. 2007ರಲ್ಲಿ ಗಣಪತಿ ಪ್ರೋಗ್ರಾಮಿನ ಹಿಂದಿನ ರಾತ್ರಿ ನಾನು ‘ಜಿ’ ತಂತಿಯನ್ನು ನೇರ ಕತ್ತರಿಸಿದೆ. ಪಟ್ಟಿ ಸಡಿಲವಾಗಿ ಬಿಚ್ಚಿಕೊಂಡು, ಎಷ್ಟು ತಿರುಗಿಸಿದರೂ ಶ್ರುತಿ ನಿಲ್ಲಲಿಲ್ಲ. ಬೆಳಿಗ್ಗೆ ಧೋಬಿ ತಲಾವ್‌ನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಒಂದೇ ತಂತಿ ಬಿಡಿಯಾಗಿ ಸಿಗಲಿಲ್ಲ, ಇಡೀ ಸೆಟ್ ತಂದೆ. ಮನೆಯಲ್ಲಿ ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾರೆ.

ಪುಣೆ ಗ್ರೂವ್:

ಸರ್, ಸಮುದ್ರದ ಮಾತಿಗೆ ಶರಣು. ನಮ್ಮ ಕಡೆ ತುಕ್ಕು ಅಷ್ಟಿಲ್ಲ, ಅದಕ್ಕೇ ಬಾಯಿಗೆ ಬಂದ ಹಾಗೆ ಬರೆದೆ.

ಪಣಜಿಯ ಫ್ರೆಟ್‌ಲೆಸ್:

ವಾಸ್ಕೋ ಅಣ್ಣಾ, ‘ಇ’ ಒಂದನ್ನೇ ಬದಲಾಯಿಸುವ ಆಸೆ ಬರುತ್ತದೆ. ನಾನು ಮಾಡಿ ನೋಡಿದ್ದೇನೆ, ಹೊಸ ತಂತಿ ಒಂದು ಕಡೆ ಮಿಣಮಿಣ, ಉಳಿದ ಮೂರು ಗುಂ. ಕೊಂಡರೆ ಇಡೀ ಸೆಟ್ ಕೊಳ್ಳಿ. ದಪ್ಪವನ್ನೂ ನೋಡಿಕೊಳ್ಳಿ, ಅದರ ಲೆಕ್ಕ ಇಂಚಿನ ಸಾವಿರದ ಒಂದು ಭಾಗದಲ್ಲಿ, ತೆಳು ತಂತಿಯಿಂದ ದಪ್ಪ ತಂತಿಯವರೆಗೆ. ಲಾ ಬೆಲ್ಲಾದಲ್ಲೇ 45ರಿಂದ 105ರ ಸೆಟ್ ಇದೆ, ಜೇಮರ್ಸನ್ ಥರದ 52ರಿಂದ 110 ಕೂಡ ಇದೆ. ದಪ್ಪನೆಯದು ಕುತ್ತಿಗೆಯನ್ನು ಜಾಸ್ತಿ ಎಳೆಯುತ್ತದೆ. ಬೆರಳಿಗೆ ಸಡಿಲ ಬೇಕು ಅಂದರೆ ವಿಯೆನ್ನಾದ ಥೋಮಾಸ್ಟಿಕ್ ಇದೆ, 43ರಿಂದ 100. ಬೆಲೆ ಕೇಳಿದರೆ ಮಾತ್ರ ಬೆವರುತ್ತದೆ. ಮತ್ತೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮದುವೆ ಹಾಲಿನಿಂದ ಬಂದ ರಾತ್ರಿ ಬೆವರಿನ ಬೇಸನ್ನು ಹಾಗೇ ಮುಚ್ಚಬೇಡಿ.

ವಾಸ್ಕೋ ಬೇಸ್:

ಎಲ್ಲರಿಗೂ ಥ್ಯಾಂಕ್ಸ್. ಹಳಬರು ಹೇಳಿದ ಹಾಗೆ ಭಾನುವಾರ ಕೂತು ನೋಡಿದೆ. ಕುತ್ತಿಗೆ ನಿಜಕ್ಕೂ ಬಾಗಿತ್ತು, ಸರಿ ಮಾಡಿಸಿದೆ. ‘ಜಿ’, ‘ಡಿ’, ‘ಎ’ ಮೂರೂ ಟ್ಯೂನರಿನಲ್ಲಿ ಕೂದಲೆಳೆ ಆಚೀಚೆ ಇಲ್ಲ. ಆರು ವರ್ಷ ದಾಟಿದ ತಂತಿ ಅಂದರೆ ನಂಬೋಕಾಗಲ್ಲ. ‘ಇ’ ಮಾತ್ರ ಸ್ಯಾಡಲನ್ನು ಪೂರ್ತಿ ಹಿಂದಕ್ಕೆ ಎಳೆದರೂ ಹನ್ನೆರಡರಲ್ಲಿ ಏರಿಯೇ ಇತ್ತು. ಕಂದು ಚುಕ್ಕೆಯ ಹತ್ತಿರ ಉಗುರು ಟಕ್ ಅಂತ ಸಿಕ್ಕಿಕೊಂಡಿತು.

ಮನಸ್ಸು ಗಟ್ಟಿ ಮಾಡಿ ಹೊಸ ಸೆಟ್ ತರಿಸಿದೆ, 45ರಿಂದ 105. ಮಡಿಸಿಯೇ ಕತ್ತರಿಸಿದೆ! ಹಳೆಯ ಮೂರು ತಂತಿಗೆ ಎಣ್ಣೆ ಕೈ ಸವರಿ ಸುರುಳಿ ಮಾಡಿ ಎತ್ತಿಟ್ಟಿದ್ದೇನೆ. ಮಡಗಾಂವಿನವರಿಗೆ ಫೋನ್ ಮಾಡಿ ಹೇಳಿದರೆ ‘ಮುಟ್ಟಬೇಡ ಅಂದಿದ್ದೆನಲ್ಲ’ ಎಂದು ಬೈದರು.

ಮೊನ್ನೆ ಶನಿವಾರ ಮೊದಲ ಮದುವೆ. ಎರಡನೇ ಹಾಡಿಗೇ ಕೀಬೋರ್ಡಿನವನು ಮತ್ತೆ ತಿರುಗಿ ನೋಡಿದ. ‘ಶ್ರುತಿ ಸರಿ ಇದೆಯಪ್ಪ, ಆದರೆ ಇದೇನು ಇಷ್ಟು ಕಿಣಿಕಿಣಿ?’ ಎಂದ. ಇನ್ನು ನಾಲ್ಕು ಮದುವೆ ತಡಿ ಅಂದೆ.