ಪದ ಬೇಕು (ತುರ್ತು): ಬಾತುಗಳನ್ನು ಹಿಡಿದು ತಿನ್ನುವ ಪ್ರಾಣಿಗಳಿಗೆ ಏನನ್ನೋಣ?

ದಾವಣಗೆರೆಯಿಂದ:
ಕುಂದವಾಡ ಕೆರೆ ಏರಿ ಮೇಲೆ ಹಾಕಲು ಕಾಡುಬಾತುಗಳ ಬಗ್ಗೆ ಬೋರ್ಡ್ ಬರೆಯುತ್ತಿದ್ದೇನೆ. ಊಟದ ಭಾಗ ಮುಗಿದಿದೆ: ಜೊಂಡಿನ ಬೀಜ, ನೀರುಗಿಡದ ಚಿಗುರು, ಗದ್ದೆಯಲ್ಲಿ ಉದುರಿದ ಭತ್ತ, ಬಸವನಹುಳು, ನೀರಿನ ಹುಳುಗಳು. ಮರಿಗಳಿಗೆ ಮೊದಲ ಕೆಲವು ವಾರ ಹುಳುಗಳೇ ಜಾಸ್ತಿ, ಮೈ ಬೆಳೆಯಲು ಪ್ರೋಟೀನ್ ಬೇಕಲ್ಲ. ಬ್ರೆಡ್ ಹಾಕಬೇಡಿ ಅಂತಲೂ ಸೇರಿಸಿದ್ದೇನೆ. ಎರಡನೇ ಭಾಗದ ತಲೆಬರಹ ಮಾತ್ರ ಬಾಕಿ. 'ಪರಭಕ್ಷಕ' ಅಂದರೆ ವಾಕಿಂಗ್ ಬರುವವರಿಗೆ ಅರ್ಥವಾಗುತ್ತಾ? ನಾಳೆ ಪ್ರಿಂಟಿಗೆ ಹೋಗಬೇಕು.

ಹೊಳಲ್ಕೆರೆಯಿಂದ:
'ಪರಭಕ್ಷಕ' ಬೇಡವೇ ಬೇಡ. ಜೊಂಡಿನ ಮೇಲೆ ತಗ್ಗಿನಲ್ಲಿ ಹಾರಾಡಿ ಬಡಕಲು ಹಕ್ಕಿಯನ್ನು ಎತ್ತಿಕೊಂಡು ಹೋಗುವ ಗಿಡುಗಕ್ಕೆ ಹಕ್ಕಿ ನೋಡುವವರು 'ಜೌಗು ಸೆಳೆವ' ಎಂದಿಲ್ಲವೇ? ಸೆಳೆ, ಸೆಳೆವ. ಎಷ್ಟು ಸಲೀಸು! ಅದೇ ಜಾಡಿನಲ್ಲಿ 'ಕೊಂದುಣ್ಣುವ' ಅನ್ನಿ.

ಚನ್ನಗಿರಿಯಿಂದ:
ಹಾವು ಉಣ್ಣಲ್ಲ ಸ್ವಾಮಿ, ನುಂಗುತ್ತೆ. ಉಡ, ಕಾಗೆ ಬರುವುದು ಮೊಟ್ಟೆಗೆ. ಅಲ್ಲಿ ಕೊಲ್ಲುವ ಮಾತೆಲ್ಲಿ? 'ಬೇಟೆಗಾರ' ಅಂದರೂ ಇದೇ ತಕರಾರು, ಜೊತೆಗೆ ಓದುವವರ ಕಣ್ಣಿಗೆ ಕೋವಿ ಹಿಡಿದವನು ಬರುತ್ತಾನೆ. 'ಶತ್ರು' ಹಾಕಿದರೆ ಮಕ್ಕಳು ಮುಂಗುಸಿಗೆ ಕಲ್ಲು ಹೊಡೀತಾರೆ. ಪರಭಕ್ಷಕವಂತೂ, ಬಸವನಹುಳುವಿನ ಲೆಕ್ಕದಲ್ಲಿ ಬಾತೇ ಪರಭಕ್ಷಕ! ಒಂದೇ ಪದದ ಹಟ ಬಿಡಿ. 'ಬಾತು ಏನು ತಿನ್ನುತ್ತೆ?' ಮೇಲೆ. 'ಬಾತನ್ನು ಯಾವುದು ತಿನ್ನುತ್ತೆ?' ಕೆಳಗೆ. ಆಯ್ತಲ್ಲ.

ಹೊಳಲ್ಕೆರೆಯಿಂದ:
ಪದ ಕೇಳಿದರೆ ವಾಕ್ಯ ಕೊಡುವುದು ಸೋಮಾರಿತನ. ಹೊಸ ಪದ ಕಟ್ಟಲು ಹೆದರಿ ಹೆದರಿಯೇ ಎಲ್ಲವನ್ನೂ ಸಾಲ ತಂದುಕೊಂಡಿದ್ದೇವೆ.

ದಾವಣಗೆರೆಯಿಂದ:
ಚನ್ನಗಿರಿಯವರ ಸಾಲನ್ನೇ ಹಾಕುತ್ತಿದ್ದೇನೆ ಸರ್. ಜೌಗು ಸೆಳೆವ ಪಟ್ಟಿಯಲ್ಲಿದೆ, ಬೇಜಾರು ಮಾಡಿಕೊಳ್ಳಬೇಡಿ. ಬೀದಿನಾಯಿಯನ್ನೂ ಸೇರಿಸಿದ್ದೇನೆ. ದಡದ ಹುಲ್ಲಿನಲ್ಲಿ ಗೂಡು ಮಾಡುವ ಬಾತಿಗೆ ಅದರ ಕಾಟವೂ ಇದೆ. ಅದಕ್ಕೆ ದಯವಿಟ್ಟು ಹೊಸ ಪದ ಬೇಡ.

ಚಳ್ಳಕೆರೆಯಿಂದ:
ಸಾಲ ಬೇಡ ಅನ್ನುವವರು 'ಬಾತು' ಪದವನ್ನು ಹೇಗೆ ಬಿಟ್ಟಿರಿ? ಅರಬ್ಬಿ, ಫಾರಸಿಯಲ್ಲಿ 'ಬತ್' ಅಂದರೂ ಇದೇ ಹಕ್ಕಿ.

ಹೊಳಲ್ಕೆರೆಯಿಂದ:
ಸುಮ್ನೆ ಕೆಣಕಬೇಡಿ. ತೆಲುಗಿನಲ್ಲಿ ಬಾತು, ತಮಿಳಿನಲ್ಲಿ ವಾತ್ತು. ಮೂರೂ ಕಡೆ ಇರುವುದು ನಮ್ಮದೇ ಪದ.

ಚಳ್ಳಕೆರೆಯಿಂದ:
ಮೂರೂ ಕಡೆ ಪೆನ್ಸಿಲ್ಲೂ ಇದೆ.